ಮೈತ್ರಿ ಒಂದು ಕರಾರು: ಕೇರಳದ ಎರಡು ರಂಗಗಳೂ ನಮ್ಮ ವೋಟೂ

ಕಳೆದ ಸಂಚಿಕೆಯಲ್ಲಿ ಕರಾರು ಪಾಲನೆಯ ಕುರಿತ ಜುಮಾ ಖುತ್ಬಾದ ಸಾರಾಂಶ ಪ್ರಕಟವಾದ ಬಳಿಕ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತಿದೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಮಿಂಬರ್‌ನಿಂದ ಹೇಳುತ್ತೀರಿ. ಚುನಾವಣೆ ಬಂದಾಗ ಪಕ್ಷಗಳು ಕಟ್ಟಿಕೊಳ್ಳುವ ಮೈತ್ರಿಕೂಟಗಳೂ ಕರಾರುಗಳೇ? ಬೇರೆ ಧರ್ಮದವರೊಂದಿಗೆ, ದೇವರನ್ನೇ ನಂಬದವರೊಂದಿಗೆ ಅಂಥ ಕರಾರು ಮಾಡಿಕೊಳ್ಳಬಹುದೇ? ಮಾಡಿಕೊಂಡರೆ ಸಾಮಾನ್ಯ ಮತದಾರನಿಗೆ ಸಿಗುವುದೇನು?

ಯಾವ ಪಕ್ಷಕ್ಕೆ ವೋಟು ಹಾಕಬೇಕೆಂದು ಹೇಳುವುದು ಈ ಪತ್ರಿಕೆಯ ಕೆಲಸವಲ್ಲ. ಆದರೆ ಮೈತ್ರಿ ಎಂದರೇನು ಎಂಬುದನ್ನು ವಿವರಿಸಬಹುದು. ಅದಕ್ಕೆ ನಮ್ಮ ನೆರೆಯ ಕೇರಳಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಲ್ಲಿ ಮೈತ್ರಿ ಎಂಬುದು ಚುನಾವಣೆ ಮುಗಿದ ಮೇಲೆ ಹೋಟೆಲು, ರೆಸಾರ್ಟುಗಳಲ್ಲಿ ಕುದುರುವ ವ್ಯವಹಾರವಲ್ಲ. ಮೊದಲೇ ಘೋಷಿಸಿ, ಸೀಟು ಹಂಚಿಕೊಂಡು, ಒಂದೇ ಪ್ರಣಾಳಿಕೆ ಹಿಡಿದು ಜನರ ಮುಂದೆ ಬರುವ ಪದ್ಧತಿ. ಜೊತೆಗೆ, ಕೇರಳದ ಉತ್ತರದ ತುದಿಯ ಕಾಸರಗೋಡು, ಮಂಜೇಶ್ವರಗಳಲ್ಲಿ ಕನ್ನಡ ಓದುವ ಮತದಾರರೂ ಬಹಳಷ್ಟಿದ್ದಾರೆ.

ಕೇರಳ ವಿಧಾನಸಭೆಗೆ 140 ಸ್ಥಾನ. ಆಡಳಿತಕ್ಕೆ 71 ಬೇಕು. ಸಿಪಿಎಂ ನೇತೃತ್ವದ್ದು ಎಡರಂಗ, ಕಾಂಗ್ರೆಸ್ ನೇತೃತ್ವದ್ದು ಐಕ್ಯರಂಗ. ಮುಸ್ಲಿಂ ಲೀಗ್ ಐಕ್ಯರಂಗದ ಎರಡನೇ ದೊಡ್ಡ ಪಕ್ಷ. ಮೂರನೆಯದಾಗಿ ಬಿಜೆಪಿ ನೇತೃತ್ವದ ಎನ್‌ಡಿಎ ಇದೆ. ಒಂದು ಕ್ಷೇತ್ರವನ್ನು ಒಂದು ಪಕ್ಷಕ್ಕೆ ಬಿಟ್ಟುಕೊಟ್ಟರೆ ರಂಗದ ಉಳಿದ ಪಕ್ಷಗಳು ಅಲ್ಲಿ ಅಭ್ಯರ್ಥಿ ನಿಲ್ಲಿಸುವಂತಿಲ್ಲ, ಮಾತ್ರವಲ್ಲ, ಮಿತ್ರಪಕ್ಷದ ಚಿಹ್ನೆಗಾಗಿ ಮನೆಮನೆ ಹತ್ತಬೇಕು. ಕರಾರಿನ ತಿರುಳು ಇಷ್ಟೇ. ಆದರೆ ಹತ್ತು ವರ್ಷ ಜಗಳವಾಡಿದ ಕಾರ್ಯಕರ್ತನಿಗೆ, ಇವತ್ತಿನಿಂದ ಆ ಪಕ್ಷದ ಪೋಸ್ಟರ್ ಅಂಟಿಸು ಎಂದರೆ ಅದು ಸುಲಭವೇ?

ಈ ಪದ್ಧತಿ ಒಂದೇ ದಿನ ಹುಟ್ಟಿದ್ದಲ್ಲ. 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಬಂತು, 1959ರಲ್ಲಿ ವಜಾ ಆಯಿತು. 1960ರ ಚುನಾವಣೆಯಲ್ಲಿ ಕಮ್ಯುನಿಸ್ಟರ ವಿರುದ್ಧ ಕಾಂಗ್ರೆಸ್, ಪಿಎಸ್‌ಪಿ ಮತ್ತು ಮುಸ್ಲಿಂ ಲೀಗ್ ಒಂದಾಗಿ ಗೆದ್ದವು. ಗೆದ್ದ ಮೇಲೆ ಲೀಗ್‌ಗೆ ಮಂತ್ರಿಸ್ಥಾನ ಕೊಡಲು ಕಾಂಗ್ರೆಸ್ ಒಪ್ಪಲಿಲ್ಲ. ಸ್ಪೀಕರ್ ಸ್ಥಾನ ಮಾತ್ರ ಕೊಟ್ಟರು. ಮೊದಲ ಸ್ಪೀಕರ್ ಸೀತಿ ಸಾಹಿಬ್ 1961ರಲ್ಲಿ ತೀರಿಕೊಂಡಾಗ ಆ ಕುರ್ಚಿಗೆ ಬಂದ ಸಿ.ಎಚ್. ಮುಹಮ್ಮದ್ ಕೋಯಾ ತಮ್ಮ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಡಬೇಕಾಯಿತು. ವೋಟು ಬೇಕು, ಪಕ್ಕದಲ್ಲಿ ಕೂರುವುದು ಬೇಡ. ಇಂಥ ಮೈತ್ರಿ ಬಾಳುವುದಿಲ್ಲ, ಇದೂ ಬಾಳಲಿಲ್ಲ.

1967ರಲ್ಲಿ ಲೀಗ್ ಅದೇ ಇ.ಎಂ.ಎಸ್. ಅವರ ಸಪ್ತಪಕ್ಷ ರಂಗಕ್ಕೆ ಸೇರಿತು. ಈ ಬಾರಿ ಇಬ್ಬರು ಮಂತ್ರಿಗಳು. ಶಿಕ್ಷಣ ಖಾತೆ ಕೋಯಾರಿಗೆ. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಬಂತು, 1969ರ ಜೂನ್ 16ರಂದು ಮಲಪ್ಪುರಂ ಜಿಲ್ಲೆ ರೂಪುಗೊಂಡಿತು. ಮಲಬಾರಿನ ಬಡ ಮುಸ್ಲಿಂ ಮನೆಗಳಿಂದ ಮುಂದೆ ಪದವೀಧರರು ಹೊರಬಂದ ಕಥೆಯಲ್ಲಿ ಈ ಎರಡಕ್ಕೂ ದೊಡ್ಡ ಪಾಲಿದೆ. ಕಮ್ಯುನಿಸ್ಟರೊಂದಿಗೆ ಸೇರಿದ್ದಕ್ಕೆ ಟೀಕೆಯೂ ಬಂದಿತ್ತು. ಆದರೆ ಕರಾರಿನಿಂದ ಏನು ಬಂತು ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು. 1979ರ ಅಕ್ಟೋಬರ್‌ನಲ್ಲಿ ಇದೇ ಕೋಯಾ ಮುಖ್ಯಮಂತ್ರಿಯಾದರು. ಎರಡು ತಿಂಗಳೂ ಪೂರ್ತಿಯಾಗಲಿಲ್ಲ, ಡಿಸೆಂಬರ್ 1ಕ್ಕೆ ಮುಗಿಯಿತು. ಇಂದಿನ ಎರಡು ರಂಗಗಳ ಆಕಾರ ಗಟ್ಟಿಯಾದದ್ದು ಆ ನಂತರವೇ. ಅಲ್ಲಿಂದ ಐದು ವರ್ಷಕ್ಕೊಮ್ಮೆ ಸರಕಾರ ಬದಲಾಗುವುದೇ ರೂಢಿಯಾಯಿತು. 2021ರಲ್ಲಿ ಎಡರಂಗ ಸತತ ಎರಡನೇ ಬಾರಿ ಗೆದ್ದು ಆ ರೂಢಿ ಮುರಿಯಿತು.

ಆ 2021ರ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಎಡರಂಗಕ್ಕೆ ಶೇಕಡಾ 45ರಷ್ಟು ವೋಟು, ಐಕ್ಯರಂಗಕ್ಕೆ 39ಕ್ಕಿಂತ ಸ್ವಲ್ಪ ಹೆಚ್ಚು. ಅಂತರ ಶೇಕಡಾ ಆರು. ಸೀಟುಗಳು ಮಾತ್ರ 99 ಮತ್ತು 41. ಎನ್‌ಡಿಎಗೆ ಶೇಕಡಾ 12ರಷ್ಟು ವೋಟು ಬಂದರೂ ಸೀಟು ಸೊನ್ನೆ. ನಮ್ಮ ದೇಶದಲ್ಲಿ ಒಂದು ಕ್ಷೇತ್ರದಲ್ಲಿ ಯಾರಿಗೆ ಒಂದು ವೋಟು ಹೆಚ್ಚೋ ಅವರೇ ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬರಬೇಕೆಂದೇನಿಲ್ಲ. ಹೀಗಾಗಿ ಸಣ್ಣ ಪಕ್ಷಗಳು ಒಂಟಿಯಾಗಿ ನಿಂತರೆ ವೋಟು ಚೆಲ್ಲಿಹೋಗುತ್ತದೆ, ರಂಗದೊಳಗೆ ನಿಂತರೆ ಸೀಟಾಗುತ್ತದೆ. 2011ರ ಜನಗಣತಿಯಂತೆ ಕೇರಳದಲ್ಲಿ ಮುಸ್ಲಿಮರು ಶೇಕಡಾ 26.5ರಷ್ಟು, ಕ್ರೈಸ್ತರು 18ರಷ್ಟು. ಯಾವ ಸಮುದಾಯವೂ ತಾನೊಂದೇ ಸರಕಾರ ಮಾಡಲಾರದು, ಯಾವುದನ್ನೂ ಬಿಟ್ಟು ಸರಕಾರ ಮಾಡುವುದೂ ಕಷ್ಟ. ಮುಸ್ಲಿಂ ವೋಟು ಒಂದೇ ಗಂಟು ಎಂಬುದೂ ನಿಜವಲ್ಲ. ಮಲಪ್ಪುರಂ ಜಿಲ್ಲೆಯ 16 ಸ್ಥಾನಗಳಲ್ಲಿ ಲೀಗ್ 11 ಗೆದ್ದಿತು, ಕಾಂಗ್ರೆಸ್ 1, ಎಡರಂಗ 4. ಪೆರಿಂದಲ್ಮಣ್ಣದಲ್ಲಿ ಲೀಗ್ ಗೆದ್ದ ಅಂತರ 38 ವೋಟು.

ರಂಗದ ಒಳಗಿನ ಕರಾರು ಹೇಗೆ ಪಾಲನೆಯಾಗುತ್ತದೆ ಎಂಬುದಕ್ಕೆ ಇಂಡಿಯನ್ ನ್ಯಾಷನಲ್ ಲೀಗ್‌ನ ಕಥೆ ನೋಡಬಹುದು. ಬೆಂಗಳೂರಿನಲ್ಲಿ ಹುಟ್ಟಿ ಮಲಬಾರಿನಿಂದ ಲೋಕಸಭೆಗೆ ಆರಿಸಿಹೋಗುತ್ತಿದ್ದ ಇಬ್ರಾಹೀಂ ಸುಲೈಮಾನ್ ಸೇಟ್, ಬಾಬರಿ ಮಸೀದಿ ಧ್ವಂಸವಾದ ಮೇಲೆ ಕಾಂಗ್ರೆಸ್ ಜೊತೆ ಮುಂದುವರಿಯಬಾರದೆಂದು ವಾದಿಸಿದರು. ಪಕ್ಷ ಒಪ್ಪಲಿಲ್ಲ. ಅವರು ಹೊರಬಂದು 1994ರಲ್ಲಿ ಈ ಪಕ್ಷ ಕಟ್ಟಿ ಎಡರಂಗದತ್ತ ನಡೆದರು. ಪಕ್ಷಕ್ಕೆ ಅಧಿಕೃತ ಸದಸ್ಯತ್ವ ಸಿಕ್ಕಿದ್ದು 2018ರ ಕೊನೆಗೆ. ಅಷ್ಟರಲ್ಲಿ ಸೇಟ್ ಸಾಹೇಬರು ತೀರಿಕೊಂಡು ಹದಿಮೂರು ವರ್ಷವಾಗಿತ್ತು. 2021ರಲ್ಲಿ ಪಕ್ಷದ ಅಹಮದ್ ದೇವರ್‌ಕೋವಿಲ್ ಕೋಯಿಕ್ಕೋಡ್ ದಕ್ಷಿಣದಿಂದ ಗೆದ್ದು ಮಂತ್ರಿಯಾದರು. ಒಬ್ಬೊಬ್ಬರೇ ಶಾಸಕರಿದ್ದ ನಾಲ್ಕು ಪಕ್ಷಗಳು ಎರಡು ಮಂತ್ರಿಸ್ಥಾನಗಳನ್ನು ಎರಡೂವರೆ ವರ್ಷದಂತೆ ಹಂಚಿಕೊಳ್ಳಬೇಕೆಂಬುದು ಒಪ್ಪಂದ. 2023ರ ಡಿಸೆಂಬರ್‌ನಲ್ಲಿ ಅವಧಿ ಮುಗಿಯಿತು, ಇಬ್ಬರು ಮಂತ್ರಿಗಳು ಇಳಿದರು, ಇನ್ನಿಬ್ಬರು ಏರಿದರು. ನಮ್ಮ ಕಡೆ ಇಂಥ ಒಪ್ಪಂದಗಳು ಏನಾಗುತ್ತವೆಂದು ಓದುಗರಿಗೆ ಗೊತ್ತು.

ಬಲವಿದ್ದಾಗ ಹೆಚ್ಚು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2011ರಲ್ಲಿ ಐಕ್ಯರಂಗ ಗೆದ್ದದ್ದು 72ಕ್ಕೆ 68ರ ಅಂತರದಲ್ಲಿ. 20 ಶಾಸಕರಿದ್ದ ಲೀಗ್ ಐದನೇ ಮಂತ್ರಿಗಾಗಿ ಪಟ್ಟು ಹಿಡಿದು 2012ರ ಏಪ್ರಿಲ್‌ನಲ್ಲಿ ಪಡೆಯಿತು. ಸಂಖ್ಯೆಯ ಲೆಕ್ಕದಲ್ಲಿ ಅದು ನ್ಯಾಯವೇ ಇರಬಹುದು. ಆದರೆ ಅಲ್ಪಸಂಖ್ಯಾತರು ಸರಕಾರವನ್ನೇ ಕೈಯಲ್ಲಿಟ್ಟುಕೊಂಡಿದ್ದಾರೆ ಎಂಬ ಮಾತು ಆ ಒಂದು ಕುರ್ಚಿಯಿಂದ ಊರೆಲ್ಲ ಹರಡಿತು. ಒಂದು ಕಾಲೇಜು, ಒಂದು ಆಸ್ಪತ್ರೆಗಾಗಿ ಅದೇ ಪಟ್ಟು ಹಿಡಿದಿದ್ದರೆ ಆ ಮಾತಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ ಎಂದೇ ನಮಗೆ ಅನಿಸುತ್ತದೆ.

ಇನ್ನು ದೀನ್‌ನ ಪ್ರಶ್ನೆ. ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಎರಡು ಸ್ಪಷ್ಟ ಸಂದರ್ಭಗಳಿವೆ. ಪ್ರವಾದಿತ್ವಕ್ಕೆ ಮುಂಚೆ, ಯಮನಿನ ಒಬ್ಬ ವ್ಯಾಪಾರಿಯ ಸರಕು ಪಡೆದ ಮಕ್ಕಾದ ಪ್ರಭಾವಿಯೊಬ್ಬ ಹಣ ಕೊಡದೆ ಸತಾಯಿಸಿದಾಗ, ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಹಲವು ಗೋತ್ರದವರು ಸೇರಿ ಅನ್ಯಾಯಕ್ಕೊಳಗಾದವನ ಪರ ನಿಲ್ಲುವುದಾಗಿ ಕರಾರು ಮಾಡಿಕೊಂಡರು. ಅದೇ ಹಿಲ್ಫುಲ್ ಫುದೂಲ್. ಅದರಲ್ಲಿ ಭಾಗವಹಿಸಿದ್ದನ್ನು ಪ್ರವಾದಿವರ್ಯರು(ಸ) ಮುಂದೆಯೂ ಮೆಚ್ಚುಗೆಯಿಂದ ನೆನೆದರು, ಈಗ ಕರೆದರೂ ಹೋಗುತ್ತಿದ್ದೆ ಎಂಬ ಅರ್ಥದಲ್ಲಿ ಮಾತನಾಡಿದರು. ಇನ್ನೊಂದು, ಹಿಜರಿ 6ರ ಹುದೈಬಿಯಾ. ಆ ಸಂಧಿಯಲ್ಲಿ ಖುಝಾಆ ಗೋತ್ರ ಮುಸ್ಲಿಮರ ಕಡೆ ಸೇರಿತು. ಆ ಗೋತ್ರದಲ್ಲಿ ಇಸ್ಲಾಮ್ ಸ್ವೀಕರಿಸದವರು ಅನೇಕರಿದ್ದರು. ಎರಡು ವರ್ಷದ ಬಳಿಕ ಕುರೈಶರ ನೆರವಿನಿಂದ ಬನೂ ಬಕ್ರ್ ಗೋತ್ರದವರು ಅವರ ಮೇಲೆ ಬಿದ್ದಾಗ ಪ್ರವಾದಿವರ್ಯರು(ಸ) ಅದು ಅವರ ಜಗಳ ಎಂದು ಸುಮ್ಮನಿರಲಿಲ್ಲ. ಮಕ್ಕಾ ವಿಜಯಕ್ಕೆ ಕಾರಣವಾದದ್ದು ಮಿತ್ರರಿಗೆ ಕೊಟ್ಟ ಆ ಮಾತು. ಹಾಗಾಗಿ ಬೇರೆಯವರೊಂದಿಗೆ ಕರಾರು ಮಾಡಬಹುದೇ ಎಂಬುದಕ್ಕಿಂತ, ಯಾವುದಕ್ಕಾಗಿ ಮಾಡುತ್ತೇವೆ, ಮಾಡಿದ ಮೇಲೆ ನಿಲ್ಲುತ್ತೇವೆಯೇ ಎಂಬುದೇ ಮುಖ್ಯ.

ಈಗ ಮಂಜೇಶ್ವರಕ್ಕೆ ಬರೋಣ. ರಂಗಗಳ ಕರಾರು ಮತದಾರನ ಮಟ್ಟದಲ್ಲಿ ಏನಾಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. 2016ರಲ್ಲಿ ಲೀಗ್‌ನ ಪಿ.ಬಿ. ಅಬ್ದುಲ್ ರಝಾಕ್‌ರಿಗೆ 56,870, ಬಿಜೆಪಿಯ ಕೆ. ಸುರೇಂದ್ರನ್‌ರಿಗೆ 56,781. ಅಂತರ 89. ಸುರೇಂದ್ರನ್‌ರ ಹೆಸರನ್ನೇ ಹೋಲುವ ಹೆಸರಿನ ಬಿಎಸ್‌ಪಿ ಅಭ್ಯರ್ಥಿಗೆ ಬಿದ್ದದ್ದು 467. ಸಿಪಿಎಂ 42,565 ಪಡೆದು ಮೂರನೇ ಸ್ಥಾನ. 2021ರಲ್ಲಿ ಲೀಗ್‌ನ ಎ.ಕೆ.ಎಂ. ಅಶ್ರಫ್ 65,758, ಸುರೇಂದ್ರನ್ 65,013. ಅಂತರ 745. ರಾಜ್ಯದಲ್ಲಿ ಎಡರಂಗ ಅಲೆಯಂತೆ ಗೆದ್ದ ಅದೇ ಚುನಾವಣೆಯಲ್ಲಿ ಇಲ್ಲಿ ಅದರ ವೋಟು ಸುಮಾರು ಎರಡು ಸಾವಿರ ಕಡಿಮೆಯಾಯಿತು. ಉಳಿದ ಇಬ್ಬರಿಗೂ ಎಂಟೆಂಟು ಸಾವಿರ ಹೆಚ್ಚಿತು. ‘ಅವರು ಗೆಲ್ಲಬಾರದು’ ಎಂಬ ಒಂದೇ ಲೆಕ್ಕದಲ್ಲಿ ಎರಡೂ ಕಡೆ ಜನ ಸೇರಿಕೊಂಡರು.

ಆ ಲೆಕ್ಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೆಡುಕನ್ನು ತಡೆಯುವುದೂ ಹೊಣೆಯೇ. ಆದರೆ ಭಯದಿಂದ ಬೀಳುವ ವೋಟಿಗೆ ಲೆಕ್ಕ ಕೇಳುವ ಬಾಯಿ ಇರುವುದಿಲ್ಲ. ಗೆಲ್ಲುವವರಿಗೆ ಅದು ಹೇಗಿದ್ದರೂ ಬರುತ್ತದೆ, ಸೋಲುವವರಿಗೆ ಹೇಗಿದ್ದರೂ ಬರುವುದಿಲ್ಲ. ಹಾಗಾದರೆ ಆ ಊರಿಗೆ ಯಾರು ಏನು ಮಾಡಬೇಕು?

2020ರ ಮಾರ್ಚ್ ನೆನಪಿಸಿಕೊಳ್ಳಿ. ಕಾಸರಗೋಡಿನ ಉತ್ತರದ ಜನ ಡಯಾಲಿಸಿಸ್‌ಗೆ, ಹೆರಿಗೆಗೆ, ಹೃದಯದ ಕಾಯಿಲೆಗೆ ಮಂಗಳೂರಿಗೇ ಹೋಗುತ್ತಿದ್ದರು. ಲಾಕ್‌ಡೌನ್ ಬಂದಾಗ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಆಂಬುಲೆನ್ಸ್‌ಗಳು ಹಿಂದಿರುಗಿದವು, ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿ ಮುಚ್ಚಿದ್ದು ತಪ್ಪು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬದಿಯಡ್ಕ ಬಳಿಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆಯಾಗಿದ್ದು 2013ರಲ್ಲಿ, ಐಕ್ಯರಂಗದ ಸರಕಾರವಿದ್ದಾಗ. 2016ರಿಂದ ಎಡರಂಗ. ಕೋವಿಡ್ ಬಂದಾಗ ಅಲ್ಲಿನ ಪೂರ್ತಿಯಾಗದ ಕಾಲೇಜಿನ ಕಟ್ಟಡವೊಂದನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ಏಳು ವರ್ಷದಲ್ಲಿ ಎರಡೂ ರಂಗಗಳು ಆಡಳಿತ ನಡೆಸಿದ್ದವು. ಎಂಡೋಸಲ್ಫಾನ್‌ನಿಂದ ನರಳಿದ ಎಣ್ಮಕಜೆಯಂಥ ಪಂಚಾಯತ್‌ಗಳಿರುವ ಜಿಲ್ಲೆ ಇದು. ಸೀಟು ಹಂಚಿಕೆಯ ಕರಾರು ತಪ್ಪದೆ ನಡೆಯುತ್ತದೆ, ಆಸ್ಪತ್ರೆಯ ಮಾತಿಗೆ ಮಾತ್ರ ಗಡುವಿಲ್ಲ. ಮೊದಲನೆಯದರಲ್ಲಿ ಸಹಿ ಹಾಕುವ ಎರಡು ಪಕ್ಷಗಳಿವೆ. ಎರಡನೆಯದರಲ್ಲಿ ಮತದಾರ ಸಹಿಯನ್ನೇ ಕೇಳುವುದಿಲ್ಲ.

ಕೇಳುವುದು ಹೇಗೆ? ಅಭ್ಯರ್ಥಿಗಳು ಜುಮಾ ಮುಗಿದ ಹೊತ್ತಿಗೆ ಮಸೀದಿಯ ಗೇಟಿನ ಬಳಿ ಕೈಮುಗಿದು ನಿಲ್ಲುವುದುಂಟು. ಸಲಾಂ ಹೇಳಿ ಮುಂದೆ ಹೋಗುವ ಬದಲು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಯಾವ ತಜ್ಞರು, ಯಾವ ವರ್ಷದೊಳಗೆ ಎಂದು ಮೂರೂ ರಂಗದವರನ್ನು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಬಹುದು. ನೆರೆಯ ಹಿಂದೂ, ಕ್ರೈಸ್ತ ಮನೆಯವರೂ ಅದೇ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು. ರೋಗಿಯ ಆಂಬುಲೆನ್ಸ್‌ಗೆ ಜಾತಿ ಇಲ್ಲ.

ವೋಟು ಎಂಬುದು ಸಾಕ್ಷ್ಯ ಎಂದು ಅನೇಕ ಉಲಮಾಗಳು ವಿವರಿಸಿದ್ದಾರೆ. ಈತ ಈ ಅಮಾನತಿಗೆ ಅರ್ಹ ಎಂದು ನಾವು ಹೇಳುವ ಸಾಕ್ಷ್ಯ. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂಬ ಆದೇಶ ಅನ್ನಿಸಾ ಅಧ್ಯಾಯದಲ್ಲಿದೆ. ಹಾಗಿರುವಾಗ ಇನ್ನೊಬ್ಬರ ಹೆಸರಿನಲ್ಲಿ ವೋಟು ಹಾಕುವುದು ಸುಳ್ಳುಸಾಕ್ಷ್ಯ. ನಮ್ಮ ರಂಗವೇ ಗೆಲ್ಲಲಿ ಎಂಬ ಒಳ್ಳೆಯ ಉದ್ದೇಶ ಅದನ್ನು ಹಲಾಲ್ ಮಾಡುವುದಿಲ್ಲ. 2016ರ 89 ವೋಟಿನ ಫಲಿತಾಂಶದ ಬಳಿಕ, ಸತ್ತವರ ಹೆಸರಿನಲ್ಲೂ ವಿದೇಶದಲ್ಲಿರುವವರ ಹೆಸರಿನಲ್ಲೂ ವೋಟು ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸತ್ತವರೆಂದು ಹೇಳಲಾದ ಕೆಲವರು ಜೀವಂತವಾಗಿರುವುದೂ ಬೆಳಕಿಗೆ ಬಂತು. 2018ರಲ್ಲಿ ಅಬ್ದುಲ್ ರಝಾಕ್ ನಿಧನರಾದರು, ಅರ್ಜಿದಾರರು 2019ರಲ್ಲಿ ಅರ್ಜಿ ಹಿಂದಕ್ಕೆ ಪಡೆದರು, ಅಕ್ಟೋಬರ್‌ನಲ್ಲಿ ಉಪಚುನಾವಣೆ ನಡೆಯಿತು. ಆರೋಪ ಸಾಬೀತಾಗಲಿಲ್ಲ. ಆದರೂ ಮೂರು ವರ್ಷ ಒಂದು ಸಮುದಾಯದ ಪ್ರಾಮಾಣಿಕತೆಯೇ ಪೇಪರುಗಳಲ್ಲಿ ಚರ್ಚೆಯಾಯಿತು.

ಗಲ್ಫ್‌ನಲ್ಲಿರುವ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ಫಾರಂ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬೂತಿಗೆ ಬಂದರೆ ಮಾತ್ರ ವೋಟು. ಬರಲಾಗದಿದ್ದರೆ ಆ ವೋಟು ಹಾಗೇ ಉಳಿಯುತ್ತದೆ. ಊರಿನಲ್ಲಿರುವ ತಮ್ಮನಿಗಾಗಲಿ, ಬಾವನಿಗಾಗಲಿ ಅದನ್ನು ಹಾಕುವ ಹಕ್ಕಿಲ್ಲ.