ಬೆಂಗಳೂರು ಬುಲ್ಸ್‌ನ ಚಾಂಪಿಯನ್ ಋತು

ಕಬಡ್ಡಿಯಲ್ಲಿ ದಾಳಿಗೆ ಹೋಗುವ ರೇಡರ್ ಒಬ್ಬನೇ, ‘ಕಬಡ್ಡಿ’ ಎನ್ನುತ್ತಲೇ, 30 ಸೆಕೆಂಡುಗಳೊಳಗೆ ಎದುರಾಳಿಗಳನ್ನು ಮುಟ್ಟಿ, ಅವರ ಹಿಡಿತ ತಪ್ಪಿಸಿಕೊಂಡು ಮಧ್ಯಗೆರೆಗೆ ಮರಳಬೇಕಾಗುತ್ತದೆ. ಊರುಗಳಲ್ಲಿ ಮಣ್ಣಿನ ಅಂಕಣಕ್ಕೆ ಸೇರಿದ ಈ ಆಟ 2014ರಲ್ಲಿ ಪ್ರೊ ಕಬಡ್ಡಿ ಲೀಗ್‌ನ ಮೂಲಕ ವೃತ್ತಿಪರ ಮ್ಯಾಟ್ ಏರಿತು.

ಲೀಗ್‌ನ ಆರನೇ ಆವೃತ್ತಿಯಲ್ಲಿ, ರೋಹಿತ್ ಕುಮಾರ್ ನಾಯಕತ್ವದ ಬೆಂಗಳೂರು ಬುಲ್ಸ್ ತನ್ನ ‘ತವರಿನ’ ಪಂದ್ಯಗಳನ್ನು ಪುಣೆಯಲ್ಲಿ ಆಡಬೇಕಾಯಿತು. ಅದನ್ನು ತವರು ಎನ್ನುವುದು ವೇಳಾಪಟ್ಟಿಯ ಲೆಕ್ಕಕ್ಕಷ್ಟೇ ಸರಿ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನ ಮೊದಲಾರ್ಧದಲ್ಲಿ ಗುಜರಾತ್ ತಂಡಕ್ಕಿಂತ ಹಿಂದೆ ಬಿದ್ದಿದ್ದ ಬುಲ್ಸ್, ತನ್ನ ರೇಡರ್ ಪವನ್ ಸೆಹ್ರಾವತ್ ಒಬ್ಬರೇ ಗಳಿಸಿದ 22 ಅಂಕಗಳ ಬಲದಿಂದ 38–33ರಲ್ಲಿ ಗೆದ್ದಿತು. ಹಿಡಿಯಲು ಬಾಗಿದ ರಕ್ಷಕರ ಮೇಲಿಂದಲೇ ಜಿಗಿದು ಗೆರೆ ಸೇರುವುದು ಪವನ್ ಅವರ ವೈಖರಿ. ಎದುರು ತಂಡದ ಎಲ್ಲರನ್ನೂ ಹೊರಗಟ್ಟುವ ‘ಆಲೌಟ್’ಗೆ ಎರಡು ಹೆಚ್ಚುವರಿ ಅಂಕ ದೊರೆಯುವುದರಿಂದ, ಬೆನ್ನುಬೆನ್ನಿಗೆ ಫಲಿಸಿದ ಕೆಲವೇ ರೇಡ್‌ಗಳು ಪಂದ್ಯದ ದಿಕ್ಕನ್ನೇ ತಿರುಗಿಸಬಲ್ಲವು. ಆ ಋತುವಿನಲ್ಲಿ ಪವನ್ ಗಳಿಸಿದ ರೇಡ್ ಅಂಕಗಳು 271. ಬುಲ್ಸ್‌ಗೆ ಅದು ಮೊದಲ ಪ್ರಶಸ್ತಿ.