ಜಠರಾಮ್ಲದ ಗುಳಿಗೆಯೂ ಕರುಳಿನ ನರಸಂದೇಶವೂ

ಮುಂಬಯಿಯ ಫೋರ್ಟ್ ಭಾಗಕ್ಕೆ ಆ ಹೆಸರನ್ನು ತಂದ ಕೋಟೆಯ ಗೋಡೆಗಳು ೧೮೬೦ರ ದಶಕದಲ್ಲಿಯೇ ನೆಲಸಮವಾದುವು. ಹೆಸರು ಮಾತ್ರ ಉಳಿಯಿತು. ಬೋರಿಬಂದರದಿಂದ ಫ್ಲೋರಾ ಫೌಂಟನ್ನಿನವರೆಗಿನ ಈ ಹರವಿನಲ್ಲಿ, ಬ್ಯಾಂಕು ಕಚೇರಿ ನ್ಯಾಯಾಲಯಗಳ ನಡುವೆ, ಕರಾವಳಿಯಿಂದ ಬಂದ ಕನ್ನಡಿಗರು ಹೋಟೆಲುಗಳನ್ನು ನಡೆಸಿದರು. ಅವುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ಇರುಳಿನಲ್ಲಿ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿದರು. ಹೊತ್ತು ತಪ್ಪಿದ ಊಟ, ಬರಿಹೊಟ್ಟೆಗೆ ಕಾಫಿ, ನಡುರಾತ್ರಿಗೆ ತುಸು ಮೊದಲು ಉಂಡು ಒಡನೆಯೇ ಮಲಗುವುದು - ಇಂಥ ಬಾಳುವೆಗೆ ಎದೆಯುರಿ, ಹುಳಿತೇಗುಗಳು ಅಪರಿಚಿತವಲ್ಲ. ಇಲ್ಲಿಯ ಔಷಧದಂಗಡಿಗಳಲ್ಲಿ ಅವಕ್ಕಾಗಿ ಜನ ಕೇಳಿ ಪಡೆದ ಗುಳಿಗೆಗಳಲ್ಲಿ ರಾನಿಟಿಡೀನ್ ಬಹುಕಾಲ ಮುಂದಿನ ಸಾಲಿನಲ್ಲಿದ್ದಿತು. ಅದು ‘ಆಮ್ಲದ ಗುಳಿಗೆ’ ಎಂದೇ ಪ್ರಸಿದ್ಧ. ಆದರೆ ಈ ಹೆಸರು ಅದರ ಕೆಲಸವನ್ನೆಲ್ಲ ಹೇಳದು. ಜಠರದ ಮತ್ತು ಕರುಳಿನ ಸ್ನಾಯುಗಳಿಗೆ ನರಗಳು ಕಳುಹಿಸುವ ಸಂದೇಶದಲ್ಲಿಯೂ ಅದು ಕೈಯಾಡಿಸುವುದು.

ಮೊದಲು ಅದರ ಪ್ರಸಿದ್ಧ ಕೆಲಸ. ಜಠರದ ಗೋಡೆಯಲ್ಲಿ ಆಮ್ಲವನ್ನು ಸ್ರವಿಸುವ ಕೋಶಗಳಿಗೆ ಪ್ರಚೋದನೆ ಮೂರು ಕಡೆಗಳಿಂದ ಬರುವುದು: ನರಗಳಿಂದ ಅಸಿಟೈಲ್‌ಕೋಲೀನ್, ರಕ್ತದಿಂದ ಗ್ಯಾಸ್ಟ್ರಿನ್, ನೆರೆಯ ಕೋಶಗಳಿಂದ ಹಿಸ್ಟಮೀನ್. ಮೊದಲಿನೆರಡೂ ಬಹುಮಟ್ಟಿಗೆ ಹಿಸ್ಟಮೀನನ್ನು ಬಿಡುಗಡೆ ಮಾಡಿಸಿಯೇ ತಮ್ಮ ಕಾರ್ಯವನ್ನು ಸಾಧಿಸುವುವು. ಆದುದರಿಂದ ಹಿಸ್ಟಮೀನ್ ಬಂದು ಸೇರುವ ಎಚ್-೨ ಎಂಬ ಗ್ರಾಹಕವನ್ನು ಮುಚ್ಚಿಬಿಟ್ಟರೆ ಆಮ್ಲ ಇಳಿಯುವುದು. ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ಅವರ ಸಂಗಡಿಗರು ೧೯೭೨ರಲ್ಲಿ ಈ ಗ್ರಾಹಕವಿರುವುದನ್ನು ಸ್ಥಾಪಿಸಿದರು. ೧೯೭೬ರಲ್ಲಿ ಸಿಮೆಟಿಡೀನ್ ಮಾರುಕಟ್ಟೆಗೆ ಬಂದಿತು. ೧೯೮೧ರಲ್ಲಿ ಗ್ಲಾಕ್ಸೋ ಸಂಸ್ಥೆಯ ರಾನಿಟಿಡೀನ್. ಔಷಧದ ವಸ್ತುವಿಗಲ್ಲ, ತಯಾರಿಕೆಯ ವಿಧಾನಕ್ಕಷ್ಟೇ ಹಕ್ಕು ಕೊಡುತ್ತಿದ್ದ ೧೯೭೦ರ ಭಾರತೀಯ ಪೇಟೆಂಟ್ ಕಾಯಿದೆಯ ಬಲದಿಂದ ದೇಶೀಯ ಕಾರ್ಖಾನೆಗಳೂ ಅದನ್ನು ತಯಾರಿಸಿ ಅಗ್ಗವಾಗಿ ಮಾರಿದುವು. ಮುಂಬಯಿಯ ಜೆ. ಬಿ. ಕೆಮಿಕಲ್ಸ್ ಸಂಸ್ಥೆಯ ‘ರ್ಯಾನ್‌ಟ್ಯಾಕ್’ ಮನೆಮಾತಾದುದು ಹೀಗೆ.

ಇನ್ನು ಸ್ನಾಯುವಿನ ಮಾತು. ತೋಳಿನ ಸ್ನಾಯು ಮನಸ್ಸಿನ ಅಪ್ಪಣೆಯನ್ನು ಕೇಳುವುದು; ಅನ್ನನಾಳ, ಜಠರ, ಕರುಳುಗಳ ಗೋಡೆಯಲ್ಲಿರುವ ನಯಸ್ನಾಯು ಕೇಳದು. ಅದರ ಒಡೆಯರು ಆ ಗೋಡೆಯೊಳಗೇ ಹೆಣೆದುಕೊಂಡಿರುವ ನರಜಾಲಗಳು. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಹೊರಬಿದ್ದು ಸ್ನಾಯುಕೋಶದ ಮಸ್ಕರಿನಿಕ್ ಗ್ರಾಹಕಗಳನ್ನು ಮುಟ್ಟುವುದು, ಕೋಶದೊಳಗೆ ಕ್ಯಾಲ್ಸಿಯಂ ಏರುವುದು, ಸ್ನಾಯು ಸಂಕೋಚಗೊಳ್ಳುವುದು. ಸಂದೇಶ ತಲುಪಿದ ಮೇಲೆ ಅದನ್ನು ಅಳಿಸುವವರೂ ಬೇಕಷ್ಟೆ. ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಆ ಕೆಲಸದಲ್ಲಿ ನಿಯುಕ್ತವಾಗಿದ್ದು, ಅಸಿಟೈಲ್‌ಕೋಲೀನನ್ನು ಕ್ಷಣಮಾತ್ರದಲ್ಲಿ ಒಡೆದುಹಾಕುವುದು. ಹಲಗೆಯ ಮೇಲೆ ಬರೆದುದನ್ನು ಒರಸದಿದ್ದರೆ ಮುಂದಿನ ಪಾಠವನ್ನು ಬರೆಯುವಂತಿಲ್ಲ.

ರಾನಿಟಿಡೀನ್ ಈ ಒರಸುವ ಕೈಯನ್ನು ನಿಧಾನಗೊಳಿಸುವುದು. ಇದನ್ನು ಹೇಗೆ ಕಂಡುಕೊಂಡರೆಂಬುದೇ ಈ ವಿಷಯದಲ್ಲಿ ಹೆಚ್ಚು ಸ್ವಾರಸ್ಯದ ಭಾಗ. ಗಿನಿಯಿಲಿಯ ಸಣ್ಣ ಕರುಳಿನ ತುಂಡೊಂದನ್ನು ಬೆಚ್ಚನೆಯ ಲವಣದ್ರಾವಣದಲ್ಲಿ ತೂಗುಹಾಕಿ, ಆಮ್ಲಜನಕವನ್ನು ಊಡುತ್ತ, ಅದರ ಎಳೆತವನ್ನು ದಾಖಲಿಸುವ ಪದ್ಧತಿ ಔಷಧಶಾಸ್ತ್ರದಲ್ಲಿ ಬಹಳ ಹಳೆಯದು. ಅಂಥ ತುಂಡಿಗೆ ಅಸಿಟೈಲ್‌ಕೋಲೀನ್ ಹಾಕಿದರೆ ಅದು ಮುದುಡುವುದು. ರಾನಿಟಿಡೀನ್ ಮೊದಲೇ ಬೆರೆತಿದ್ದರೆ ಇನ್ನೂ ಬಲವಾಗಿ ಮುದುಡುವುದು. ಇಷ್ಟರಿಂದಲೇ ಕಿಣ್ವ ತಡೆಯಲ್ಪಟ್ಟಿತೆಂದು ಹೇಳಲಾಗದು. ಔಷಧವು ಸ್ನಾಯುವನ್ನೇ ನೇರವಾಗಿ ಚುರುಕುಗೊಳಿಸಿದ್ದೀತು. ಈ ಸಂಶಯವನ್ನು ಬಿಡಿಸಲು ಕಾರ್ಬಕಾಲ್ ಎಂಬ ವಸ್ತು ನೆರವಾಯಿತು. ಅದು ಅಸಿಟೈಲ್‌ಕೋಲೀನಿನ ಹತ್ತಿರದ ಬಂಧು. ಅದೇ ಗ್ರಾಹಕವನ್ನು ಮುಟ್ಟಿ ಅದೇ ಸಂಕೋಚವನ್ನು ತರುವುದು. ಆದರೆ ಮೇಲೆ ಹೇಳಿದ ಕಿಣ್ವ ಅದನ್ನು ಒಡೆಯಲಾರದು. ಕಾರ್ಬಕಾಲಿನ ಪರಿಣಾಮವನ್ನು ರಾನಿಟಿಡೀನ್ ಹೆಚ್ಚಿಸಲಿಲ್ಲ. ಸ್ನಾಯು ಚುರುಕಾಗಿದ್ದರೆ ಎರಡಕ್ಕೂ ಹೆಚ್ಚು ಓಗೊಡಬೇಕಾಗಿತ್ತು. ಅಟ್ರೊಪೀನ್ ಸುರಿದು ಗ್ರಾಹಕವನ್ನು ಮುಚ್ಚಿದರೆ ಹೆಚ್ಚುವರಿ ಸಂಕೋಚವೆಲ್ಲ ಅಡಗುವುದು. ಕಿಣ್ವವನ್ನು ಪ್ರತ್ಯೇಕಿಸಿ ಗಾಜಿನ ನಳಿಗೆಯಲ್ಲಿ ಪರೀಕ್ಷಿಸಿದಾಗಲೂ ಅದೇ ಉತ್ತರ ಬಂದಿತು.

ಎಚ್-೨ ಗ್ರಾಹಕವನ್ನು ಮುಚ್ಚುವ ಔಷಧಗಳೆಲ್ಲ ಹೀಗೆ ಮಾಡುವುವೆ? ಇಲ್ಲ. ನಿಜಾಟಿಡೀನ್ ಮಾಡುವುದು, ಸಿಮೆಟಿಡೀನ್, ಫ್ಯಾಮೊಟಿಡೀನ್‌ಗಳಲ್ಲಿ ಈ ಗುಣ ಹೆಸರಿಗೆ ಮಾತ್ರ. ಆದುದರಿಂದ ಆಮ್ಲ ಇಳಿಸುವುದಕ್ಕೂ ಈ ಗುಣಕ್ಕೂ ಸಂಬಂಧವಿಲ್ಲ. ರಚನೆಯನ್ನು ನೋಡಿದರೆ ಕಾರಣದ ಸುಳಿವು ದೊರೆಯುವುದು. ರಾನಿಟಿಡೀನ್, ನಿಜಾಟಿಡೀನ್‌ಗಳೆರಡರ ಒಂದು ತುದಿಯಲ್ಲಿ ಡೈಮೀಥೈಲಮಿನೋ ಎಂಬ ತೋಳಿದೆ, ಉಳಿದೆರಡರಲ್ಲಿ ಅದಿಲ್ಲ. ಅಸಿಟೈಲ್‌ಕೋಲೀನಿನ ತಲೆಯಲ್ಲಿಯೂ ಇದನ್ನೇ ಹೋಲುವ, ಮೀಥೈಲ್ ಗುಂಪುಗಳನ್ನು ಹೊತ್ತ ಸಾರಜನಕವಿರುವುದು.

ಪ್ರಯೋಗಶಾಲೆಯ ಕರುಳಿಗೂ ಮನುಷ್ಯನ ಹೊಟ್ಟೆಗೂ ಅಂತರವುಂಟು. ಆದರೂ ೧೫೦ ಮಿಲಿಗ್ರಾಮಿನ ಒಂದು ಗುಳಿಗೆಯಿಂದ ರಕ್ತದಲ್ಲಿ ಏರುವ ಮಟ್ಟ, ಮಿಲಿಲೀಟರಿಗೆ ಸುಮಾರು ಅರ್ಧ ಮೈಕ್ರೋಗ್ರಾಮ್, ಕಿಣ್ವವನ್ನು ತಡೆಯಬಲ್ಲ ಮಟ್ಟದ ಆಸುಪಾಸಿನಲ್ಲಿಯೇ ಇದೆ. ಜಠರ ಬೇಗ ಬರಿದಾಗುವುದೇ, ಅನ್ನನಾಳದ ಕೆಳಬಾಗಿಲು ಬಿಗಿಯಾಗುವುದೇ ಎಂದು ರೋಗಿಗಳಲ್ಲಿ ನಡೆಸಿದ ಪರೀಕ್ಷೆಗಳ ಫಲಗಳು ಒಂದೇ ತೆರನಾಗಿಲ್ಲ. ಪ್ರಮಾಣ ಹೆಚ್ಚಿದಷ್ಟೂ, ನರದ ಮೂಲಕ ಅಲ್ಲ, ರಕ್ತನಾಳದ ಮೂಲಕವೇ ಚುಚ್ಚಿದಾಗಲೂ, ಪರಿಣಾಮ ಸ್ಪಷ್ಟವಾಗಿ ಕಾಣುವ ಸಂಭವ ಹೆಚ್ಚು. ಕಿಣ್ವವನ್ನು ತಡೆದು ಜಠರದ ಚಲನೆಯನ್ನು ಹೆಚ್ಚಿಸುವ ತತ್ತ್ವವಂತೂ ಪೊಳ್ಳಲ್ಲ: ಅದೇ ಬಗೆಯ ಅಕೋಟಿಯಮೈಡ್ ಎಂಬ ಔಷಧಕ್ಕೆ ೨೦೧೩ರಲ್ಲಿ ಜಪಾನಿನಲ್ಲಿ ಮನ್ನಣೆ ದೊರೆಯಿತು.

ಇಲ್ಲೊಂದು ವಿನೋದವಿದೆ. ಎಚ್-೨ ಔಷಧಗಳಿಗೆ ಮೊದಲು ಹುಣ್ಣಿನ ರೋಗಿಗಳಿಗೆ ಕೊಡುತ್ತಿದ್ದುದು ಅಟ್ರೊಪೀನಿನ ಬಳಗದ ಮದ್ದುಗಳನ್ನು. ಅವು ಅಸಿಟೈಲ್‌ಕೋಲೀನಿನ ಬಾಗಿಲನ್ನು ಮುಚ್ಚಿ ಆಮ್ಲವನ್ನು ತುಸು ಇಳಿಸುತ್ತಿದ್ದುವು. ಜೊತೆಗೆ ಬಾಯಿ ಒಣಗುತ್ತಿತ್ತು, ಮಲ ಕಟ್ಟುತ್ತಿತ್ತು. ರಾನಿಟಿಡೀನ್ ಅದೇ ಅಸಿಟೈಲ್‌ಕೋಲೀನನ್ನು ಉಳಿಸುತ್ತಲೇ ಆಮ್ಲವನ್ನು ಇಳಿಸುವುದು. ಏಕೆಂದರೆ ಮುಂದಿನ ಹಾದಿಯನ್ನು ಅದು ಹಿಸ್ಟಮೀನಿನ ಬಳಿ ಕಟ್ಟಿಹಾಕಿರುತ್ತದೆ. ಹೀಗಿರಲಾಗಿ, ಅಟ್ರೊಪೀನಿನ ಬಳಗಕ್ಕೆ ಸೇರಿದ ಡೈಸೈಕ್ಲೊಮೀನನ್ನೂ ರಾನಿಟಿಡೀನನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸಿ ಭಾರತದಲ್ಲಿ ಮಾರಿರುವುದು ವಿಚಾರಾರ್ಹ. ಒಂದು ಸಂದೇಶವಾಹಕನನ್ನು ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದರೆ, ಇನ್ನೊಂದು ಬಾಗಿಲಿಗೆ ಅಗುಳಿ ಹಾಕುವುದು. ಮರೆವಿನ ರೋಗಕ್ಕಾಗಿ ಡೊನೆಪೆಝಿಲ್ ಸೇವಿಸುವ ವೃದ್ಧರಲ್ಲಿ ಸಂಗತಿ ತಿರುಗುಮುರುಗು: ಅದೂ ಇದೇ ಕಿಣ್ವವನ್ನು ತಡೆಯುವುದರಿಂದ ಎರಡೂ ಒಂದೇ ಕಡೆಗೆ ಎಳೆಯುವುವು. ನಾಡಿ ನಿಧಾನವಾದರೆ, ಹೊಟ್ಟೆ ನುಲಿದರೆ, ಸೇವಿಸುತ್ತಿರುವ ಎಲ್ಲ ಗುಳಿಗೆಗಳ ಹೆಸರನ್ನೂ, ‘ಅದು ಬರಿಯ ಆಮ್ಲದ್ದು’ ಎಂದು ಬಿಡದೆ, ವೈದ್ಯರಿಗೆ ಹೇಳಬೇಕಾದುದು ಇದಕ್ಕಾಗಿ.

ಆ ಡೈಮೀಥೈಲಮಿನೋ ತೋಳಿನ ಕಥೆ ಇಲ್ಲಿಗೆ ಮುಗಿಯಲಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ರಾನಿಟಿಡೀನ್ ಗುಳಿಗೆಗಳಲ್ಲಿ ಎನ್‌ಡಿಎಂಎ ಎಂಬ, ಅರ್ಬುದಕಾರಕವೆಂದು ಶಂಕಿಸಲಾದ ವಸ್ತು ಕಂಡುಬಂದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪ್ರಕಟಿಸಿತು. ಹೊರಗಿನ ಕಲ್ಮಷವಷ್ಟೇ ಇದಕ್ಕೆ ಕಾರಣವಾಗಿರಲಿಲ್ಲ. ರಾನಿಟಿಡೀನಿನ ಅಣುವೇ, ಕಾಲ ಕಳೆದಂತೆ ಮತ್ತು ಶಾಖ ತಗುಲಿದಂತೆ, ಶಿಥಿಲವಾಗಿ ಎನ್‌ಡಿಎಂಎ ಆಗಬಲ್ಲುದು, ಮತ್ತು ಅದಕ್ಕೆ ಬೇಕಾದ ಡೈಮೀಥೈಲಮೀನ್ ಬರುವುದು ಆ ತೋಳಿನಿಂದಲೇ. ೨೦೨೦ರ ಏಪ್ರಿಲಿನಲ್ಲಿ ಆ ದೇಶದ ಮಾರುಕಟ್ಟೆಯಿಂದ ರಾನಿಟಿಡೀನನ್ನು ಹಿಂದೆಗೆಯಲು ಸೂಚಿಸಲಾಯಿತು. ಭಾರತದಲ್ಲಿ ಮಾರಾಟ ನಿಲ್ಲಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಅತ್ಯಾವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಅದರ ಹೆಸರನ್ನು ತೆಗೆದರು. ಸಿಮೆಟಿಡೀನ್, ಫ್ಯಾಮೊಟಿಡೀನ್‌ಗಳ ಪರೀಕ್ಷೆಯಲ್ಲಿ ಆ ವಸ್ತು ಕಂಡುಬರಲಿಲ್ಲ. ರಾನಿಟಿಡೀನನ್ನು ಬಿಟ್ಟು ಫ್ಯಾಮೊಟಿಡೀನಿಗೆ ತಿರುಗಿದವರು ಆಮ್ಲದ ವಿಷಯದಲ್ಲಿ ಹೆಚ್ಚೇನನ್ನೂ ಕಳೆದುಕೊಂಡಿಲ್ಲ. ಕರುಳಿನ ನರಕ್ಕೆ ಅಲ್ಲಿಯವರೆಗೆ ದೊರೆಯುತ್ತಿದ್ದ ಆ ಸಣ್ಣ ಬೆಂಬಲ ಮಾತ್ರ, ಅವರಿಗೆ ತಿಳಿಯದಂತೆಯೇ, ನಿಂತಿರುವುದು.