ಬಿಸಿಲಿಗೆ ಅರಳುವ ಸೀತಾಳೆಗಳು

ತಾವರೆಯು ಸೂರ್ಯನನ್ನೂ ನೈದಿಲೆಯು ಚಂದ್ರನನ್ನೂ ಕಂಡು ಅರಳುವುವೆಂಬುದನ್ನು ನಮ್ಮ ದೇಶದಲ್ಲಿ ಅಕ್ಷರ ಕಲಿತ ಮಕ್ಕಳೂ ಬಲ್ಲರು. ಬಂಧೂಕ ಪುಷ್ಪವು ನಡುಹಗಲನ್ನು ಕಾದಿದ್ದು ಬಿರಿಯುವುದೆಂಬುದನ್ನು ಕಾವ್ಯಪರಿಚಯವುಳ್ಳವರು ಬಲ್ಲರು. ಆದರೆ ಇವುಗಳೆಲ್ಲಕ್ಕಿಂತಲೂ ಹಟವಾದಿಯಾದ ಒಂದು ಪುಷ್ಪಕುಲವು ಭೂಮಿಯ ದಕ್ಷಿಣಾರ್ಧದಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ಇರುವುದು. ತಾವರೆಯಾದರೂ ಮೋಡದ ದಿನ ತಕ್ಕಮಟ್ಟಿಗೆ ಕಣ್ದೆರೆಯುವುದುಂಟು. ಈ ಕುಲದ ಬಹುಪಾಲು ಹೂಗಳು ಬಿಸಿಲೂ ಬಿಸುಪೂ ಎರಡೂ ಕೂಡಿಬಂದ ಹೊರತು ಮೊಗ್ಗನ್ನು ಬಿಚ್ಚುವುದೇ ಇಲ್ಲ. ಬಿಚ್ಚಿದ ಹೂವೂ ಮೋಡ ಕವಿದೊಡನೆ ಮುಚ್ಚಿಕೊಳ್ಳುವುದು. ಆದುದರಿಂದಲೇ ಆಂಗ್ಲರು ಇವಕ್ಕೆ ಸನ್ ಆರ್ಕಿಡ್ ಎಂದು ಹೆಸರಿಟ್ಟರು.

ಆರ್ಕಿಡ್ ಎಂಬ ಸಸ್ಯಕುಟುಂಬವು ನಮಗೆ ಹೊಸದೇನೂ ಅಲ್ಲ. ಮಲೆನಾಡಿನಲ್ಲಿ ಮುಂಗಾರು ಹತ್ತಿರವಾದಾಗ ಮರಗಳ ಕೊಂಬೆಗಳಿಂದ ನರಿಯ ಬಾಲದಂತೆ ಇಳಿಬೀಳುವ ಸೀತಾಳೆ ದಂಡೆಯು ಈ ಕುಟುಂಬದ್ದೇ. ಮರದ ಮೇಲೆ ಬೆಳೆಯುವ ವಂದಾ ಎಂಬ ಆರ್ಕಿಡ್ ಕುಲಕ್ಕೆ ಪಾಶ್ಚಾತ್ಯ ಪಂಡಿತರು ಇಟ್ಟ ಹೆಸರು ನಮ್ಮ ಸಂಸ್ಕೃತದಿಂದಲೇ ತೆಗೆದುಕೊಂಡದ್ದು. ಗ್ರಂಥಿಗೆಯ ಅಂಗಡಿಯಲ್ಲಿ ಸಾಲಂಮಿಶ್ರಿ ಎಂದು ಮಾರುವ ಗೆಡ್ಡೆಯೂ ಈ ಕುಟುಂಬದ ನೆಲದ ಗಿಡಗಳದ್ದು. ಹೀಗಿರಲು, ಈ ಲೇಖನದ ಮಟ್ಟಿಗೆ ಆ ಪರದೇಶದ ಹೂಗಳನ್ನು ನಾವು ಸೂರ್ಯಸೀತಾಳೆ ಎಂದು ಕರೆದರೆ ವಾಚಕರು ಆಕ್ಷೇಪಿಸಲಾರರೆಂದು ನಂಬಿದ್ದೇವೆ.

ನಮ್ಮ ಸೀತಾಳೆಗೂ ಇವಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಇವು ಮರವನ್ನೇರುವುದಿಲ್ಲ, ಹುಲ್ಲುಗಾವಲು, ಕುರುಚಲು ಕಾಡು, ಮರಳುನೆಲ ಮೊದಲಾದೆಡೆಗಳಲ್ಲಿ ಮಣ್ಣಿನಲ್ಲಿಯೇ ಬೆಳೆಯುವುವು. ಮಣ್ಣಿನೊಳಗೆ ಒಂದು ಗೆಡ್ಡೆ. ವರ್ಷವರ್ಷವೂ ಹಳೆಯ ಗೆಡ್ಡೆ ಸವೆದು ಅದರ ಬದಿಯಲ್ಲಿ ಹೊಸದೊಂದು ತುಂಬಿಕೊಳ್ಳುವುದು. ಮೇಲಕ್ಕೆ ಬರುವುದು ಒಂದೇ ಒಂದು ಎಲೆ, ಒಂದೇ ಒಂದು ಹೂಗೊಂಚಲು. ಅವರ ಬೇಸಗೆಯಲ್ಲಿ, ಎಂದರೆ ನಮ್ಮ ಮಾರ್ಗಶಿರ ಪುಷ್ಯಗಳ ಸುಮಾರಿಗೆ, ನೆಲದ ಮೇಲೆ ಗಿಡದ ಸುಳಿವೇ ಇರುವುದಿಲ್ಲ. ನಮ್ಮಲ್ಲಿ ನವರಾತ್ರಿ ದೀಪಾವಳಿಗಳು ಬರುವ ಕಾಲವು ಅವರಿಗೆ ವಸಂತ. ಇವು ಅರಳುವ ಮುಖ್ಯ ಕಾಲವೂ ಅದೇ.

ಈ ಕುಲದ ಶಾಸ್ತ್ರೀಯ ನಾಮವು ಥೆಲಿಮಿಟ್ರಾ ಎಂಬುದು. ಕ್ಯಾಪ್ಟನ್ ಕುಕ್ಕನು 1772ರಿಂದ 1775ರವರೆಗೆ ಮಾಡಿದ ಎರಡನೆಯ ಸಮುದ್ರಯಾತ್ರೆಯಲ್ಲಿ ಜತೆಗಿದ್ದ ಫಾರ್ಸ್ಟರ್ ತಂದೆಮಕ್ಕಳು ನ್ಯೂಜಿಲೆಂಡಿನಲ್ಲಿ ಕಂಡ ಗಿಡವೊಂದಕ್ಕೆ 1776ನೆಯ ಇಸವಿಯ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಥೆಲಿಸ್ ಎಂದರೆ ಸ್ತ್ರೀ, ಮಿತ್ರಾ ಎಂದರೆ ಶಿರೋವೇಷ್ಟನ. ಹೂವಿನ ನಡುವೆ ಹೆಂಗಸಿನ ತಲೆಯುಡುಗೆಯಂತೆ ಒಂದು ಮುಸುಕು ಇರುವುದೇ ಇದಕ್ಕೆ ಕಾರಣ. ಸಂಸ್ಕೃತ ಬಲ್ಲವರ ಕಿವಿಗೆ ಮಿತ್ರ ಶಬ್ದ ಬಿದ್ದೊಡನೆ ಸೂರ್ಯನೇ ನೆನಪಿಗೆ ಬರುವನು. ಸೂರ್ಯನಿಗಲ್ಲದೆ ಅರಳದ ಹೂವಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ ಎಂದು ಹಿಗ್ಗುವುದೂ ಸಹಜವೇ. ಆದರೆ ಇದು ಕೇವಲ ಘುಣಾಕ್ಷರನ್ಯಾಯ. ಹುಳು ಕೊರೆದ ಗೆರೆಯು ಅಕ್ಷರದಂತೆ ಕಂಡಿತೆಂದು ಹುಳುವಿಗೆ ಓದುಬರಹ ಬರುವುದೆಂದು ಹೇಳಲಾಗದಷ್ಟೆ. ಫಾರ್ಸ್ಟರರ ಮನಸ್ಸಿನಲ್ಲಿದ್ದುದು ಮುಸುಕು, ಸೂರ್ಯನಲ್ಲ.

ಆ ಮುಸುಕೇ ನಮ್ಮ ಮುಖ್ಯ ವಿಷಯ. ಸಾಮಾನ್ಯವಾಗಿ ಆರ್ಕಿಡ್ ಹೂವಿಗೆ ಹೊರದಳ ಮೂರು, ಒಳದಳ ಮೂರು. ಒಳದಳಗಳಲ್ಲಿ ಒಂದು ಮಾತ್ರ ವಿಕಾರಗೊಂಡು ತುಟಿಯಂತೆ ಮುಂದಕ್ಕೆ ಚಾಚಿರುವುದು. ಒಂದು ಜಾತಿಯನ್ನು ಮತ್ತೊಂದರಿಂದ ಬೇರೆ ಮಾಡಲು ಪಂಡಿತರು ಮೊದಲು ನೋಡುವುದು ಆ ತುಟಿಯನ್ನೇ. ಸೂರ್ಯಸೀತಾಳೆಗಳಲ್ಲಾದರೋ ತುಟಿಯು ಉಳಿದ ಐದು ದಳಗಳಂತೆಯೇ ಇರುವುದರಿಂದ ಹೂವು ಆರು ಮೂಲೆಯ ಸಾಧಾರಣ ನಕ್ಷತ್ರದಂತೆ ಕಾಣುವುದು. ಇದು ಆರ್ಕಿಡ್ ಎಂದು ಹೇಳಿದರೂ ನೋಡಿದವರು ನಂಬುವುದಿಲ್ಲ. ಇಂತಹ ಜಾತಿಗಳು ನೂರಕ್ಕೂ ಮೀರಿ ಇರುವುವು. ಬಹುಪಾಲು ಆಸ್ಟ್ರೇಲಿಯಾದವು, ಕೆಲವು ನ್ಯೂಜಿಲೆಂಡಿನವು, ಒಂದೆರಡು ನ್ಯೂಗಿನಿ, ಜಾವಾ, ಫಿಲಿಪೈನ್ಸ್‌ಗಳವರೆಗೆ ಹಬ್ಬಿರುವುವು. ಭಾರತದಲ್ಲಿ ಒಂದೂ ಇಲ್ಲ.

ಹಾಗಾದರೆ ಇವನ್ನು ಬೇರ್ಪಡಿಸುವುದು ಹೇಗೆ? ಬಣ್ಣದಿಂದ ಎಂದು ಯಾರಾದರೂ ಥಟ್ಟನೆ ಹೇಳುವರು. ತರ್ಕಶಾಸ್ತ್ರವನ್ನು ಪಾಠ ಹೇಳುವಾಗ ಲಕ್ಷಣದೋಷಗಳಿಗೆ ನಾವು ಹಸುವಿನ ಉದಾಹರಣೆಯನ್ನು ಕೊಡುತ್ತಿದ್ದೆವು. ಕಂದು ಬಣ್ಣವುಳ್ಳದ್ದು ಹಸು ಎಂದರೆ ಬಿಳಿಯ ಹಸು ಬಿಟ್ಟುಹೋಗುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಬರುವುದು; ಇದು ಅತಿವ್ಯಾಪ್ತಿ. ಗಂಗೆದೊಗಲುಳ್ಳದ್ದು ಹಸು ಎಂದರೆ ಮಾತ್ರ ಲಕ್ಷಣವು ನಿರ್ದುಷ್ಟವೆಂದು ಶಾಸ್ತ್ರಕಾರರು ಒಪ್ಪುವರು. ಸೂರ್ಯಸೀತಾಳೆಗಳಲ್ಲಿ ನೀಲವರ್ಣವುಳ್ಳವು ಹತ್ತಾರು. ಹಾಗೆಯೇ ಒಂದೇ ಜಾತಿಯಲ್ಲಿ ನೀಲಿ, ನಸುಗೆಂಪು, ಬಿಳಿ ಮೂರೂ ಕಾಣುವುದುಂಟು. ಬಣ್ಣವನ್ನು ನಂಬಿದರೆ ಮೇಲಿನ ಎರಡು ದೋಷಗಳೂ ಒಟ್ಟಿಗೆ ತಗಲುವುವು. ಇವುಗಳ ಗಂಗೆದೊಗಲು ಇರುವುದು ಹೂವಿನ ನಡುವಿನ ಸ್ತಂಭದ ತಲೆಯಲ್ಲಿ.

ಆರ್ಕಿಡ್‌ಗಳಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಬೇರೆಬೇರೆಯಾಗಿ ನಿಲ್ಲದೆ ಒಂದೇ ಸ್ತಂಭವಾಗಿ ಬೆಸೆದುಕೊಂಡಿರುವುವು. ಸೂರ್ಯಸೀತಾಳೆಯಲ್ಲಿ ಈ ಗಿಡ್ಡ ಸ್ತಂಭದ ಎರಡು ಪಕ್ಕಗಳಲ್ಲಿ ರೆಕ್ಕೆಗಳಿದ್ದು, ಅನೇಕ ಜಾತಿಗಳಲ್ಲಿ ಅವು ಹಿಂದಿನಿಂದ ಮೇಲೆದ್ದು ಪರಾಗಕೋಶದ ಮೇಲೆ ಕುಲಾವಿಯಂತೆ ಬಾಗಿರುವುವು. ಕುಲಾವಿಯ ಎರಡು ಬದಿಗಳಿಂದ ಎರಡು ಪುಟ್ಟ ತೋಳುಗಳು ಮುಂದಕ್ಕೆ ಬಂದು, ತುದಿಯಲ್ಲಿ ರೋಮದ ಕುಚ್ಚುಗಳನ್ನು ಹೊತ್ತಿರುವುವು. ಇಷ್ಟೆಲ್ಲವೂ ಒಂದು ಕಡಲೆಕಾಳಿನಷ್ಟು ಜಾಗದೊಳಗೆ! ಕುಲಾವಿಯ ಬಣ್ಣವೇನು, ಅದರ ಅಂಚು ಸೀಳಿದೆಯೆ ಇಲ್ಲವೆ, ಊದಿಕೊಂಡಿದೆಯೆ, ಕುಚ್ಚು ಬಿಳಿಯೋ ಹಳದಿಯೋ, ತೋಳು ಎಷ್ಟು ಬಾಗಿದೆ ಎಂಬಿವುಗಳಲ್ಲಿಯೇ ಜಾತಿನಿರ್ಣಯವು ಅಡಗಿರುವುದು.

ನೂಡಾ ಎಂಬ ಜಾತಿಯಲ್ಲಿ ಕುಲಾವಿಯು ಕಪ್ಪುಗಂದು, ಮೇಲಂಚು ಹಳದಿ, ಕುಚ್ಚು ಅಚ್ಚಬಿಳುಪು. ಮಾಲ್ವಿನಾ ಎಂಬುದು ದೂರದಿಂದ ಅದರಂತೆಯೇ ಕಂಡರೂ ಕುಚ್ಚು ನಸುನೇರಳೆ. ಲೂಟಿಯೋಸಿಲಿಯಮ್ ಎಂಬ ಹೆಸರಿನಲ್ಲಿಯೇ ಹಳದಿ ರೋಮವೆಂಬ ಅರ್ಥವಿರುವುದು. ಇಕ್ಸಿಯಾಯ್ಡಿಸ್ ಎಂಬುದರ ನೀಲಿ ದಳಗಳ ಮೇಲೆ ಮಸಿ ಚಿಮುಕಿಸಿದಂತೆ ಚುಕ್ಕೆಗಳಿರುವುದರಿಂದ ಅದನ್ನು ಎಲ್ಲರೂ ಸುಲಭವಾಗಿ ಗುರುತಿಸುವರು. ಆದರೆ ಚುಕ್ಕೆಯಿಲ್ಲದ ಗಿಡಗಳೂ ಆಗಾಗ ಹುಟ್ಟುವುದರಿಂದ ಕಡೆಗೆ ಸ್ತಂಭದ ನೆತ್ತಿಯಲ್ಲಿರುವ ಬೆರಳಿನಾಕಾರದ ಗಂಟುಗಳನ್ನೇ ನೋಡಬೇಕಾಗುವುದು. ಆಂಟೆನಿಫೆರಾ ಎಂಬುದಕ್ಕೆ ಕುಲಾವಿಯೂ ಇಲ್ಲ, ಕುಚ್ಚೂ ಇಲ್ಲ. ನಿಂಬೆಯ ವಾಸನೆಯುಳ್ಳ ಹಳದಿ ಹೂವು. ಸ್ತಂಭದ ಮೇಲೆ ಕಂದುಬಣ್ಣದ ಎರಡು ಕಿವಿಗಳು ಮೊಲದ ಕಿವಿಯಂತೆ ನಿಮಿರಿರುವುವು. ವೀನೋಸಾದಲ್ಲಿ ತೋಳುಗಳು ಸುರುಳಿ ಸುತ್ತಿರುವುವು, ದಳಗಳ ಮೇಲೆ ಕಡುನೀಲಿಯ ನರಗಳು. ಇದೊಂದು ತಂಪು ಹವೆಯಲ್ಲಿಯೂ ಅರಳಿ ಕುಲಧರ್ಮವನ್ನು ಮೀರುವುದು. ಪಶ್ಚಿಮ ಆಸ್ಟ್ರೇಲಿಯಾದ ವೇರಿಗೇಟಾ ಎಂಬುದಂತೂ ನೇರಳೆ, ಕೆಂಪು, ಹೊಂಬಣ್ಣಗಳನ್ನು ಕಲಸಿ ಮೆರುಗು ಕೊಟ್ಟಂತಿದ್ದು, ಅಲ್ಲಿನ ಜನರು ಅದನ್ನು ಬೈಬಲಿನ ಶೇಬಾ ದೇಶದ ರಾಣಿಯ ಹೆಸರಿನಿಂದ ಕರೆಯುವರು. ಅದರ ಎಲೆಯು ತಿರುಪಿನಂತೆ ಸುರುಳಿಯಾಗಿರುವುದೊಂದು ಸೊಗಸು. ಎಲೆಯನ್ನು ನೋಡಿ ಹೇಳಬಹುದಾದ ಇಂತಹ ಜಾತಿಗಳು ಕೆಲವೇ.

ಈ ಕುಚ್ಚುಗಳ ಪ್ರಯೋಜನವೇನೆಂದು ವಾಚಕರು ಕೇಳುವುದು ನ್ಯಾಯವಾದುದು. ಸೂರ್ಯಸೀತಾಳೆಯ ಹೂವಿನಲ್ಲಿ ಮಕರಂದವಿಲ್ಲ. ನಮ್ಮ ಹಿತ್ತಲಿನ ಬದನೆಯ ಹೂವಿನಲ್ಲಿಯೂ ಇಲ್ಲ. ಆದರೆ ಬದನೆಯು ಹಳದಿ ಕೇಸರಗಳಲ್ಲಿ ಪರಾಗವನ್ನು ತುಂಬಿಟ್ಟುಕೊಂಡು, ಝೇಂಕರಿಸಿ ಅಲುಗಾಡಿಸುವ ದುಂಬಿಗೆ ಅದನ್ನೇ ಕೂಲಿಯಾಗಿ ಕೊಡುವುದು. ಆಸ್ಟ್ರೇಲಿಯಾದ ಬಯಲುಗಳಲ್ಲಿ ಡಯನೆಲ್ಲಾ ಮೊದಲಾದ ನೀಲಿಹೂವಿನ ಗಿಡಗಳು ಹೀಗೆಯೇ ನಡೆದುಕೊಳ್ಳುವುವು. ಸೂರ್ಯಸೀತಾಳೆಯು ಅವುಗಳ ನಡುವೆ ನಿಂತು ಅವುಗಳದೇ ವೇಷವನ್ನು ಹಾಕುವುದು: ಕುಲಾವಿಯೂ ಕುಚ್ಚೂ ಸೇರಿ ಪರಾಗ ತುಂಬಿದ ಕೇಸರದಂತೆ ತೋರುವುವು. ಅಲ್ಲಿನ ಕಾಡುಜೇನು ಕುಚ್ಚನ್ನು ಹಿಡಿದು ಅಲುಗಿಸುವುದು. ಏನೂ ದೊರೆಯದೆ ಹಾರಿಹೋಗುವಾಗ ನಿಜವಾದ ಪರಾಗದ ಮುದ್ದೆಯು ಅದರ ಮೈಗೆ ಅಂಟಿಕೊಂಡು ಮುಂದಿನ ಹೂವಿಗೆ ಸಾಗುವುದು. ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳುವ ಯಜಮಾನರು ಸಸ್ಯಲೋಕದಲ್ಲಿಯೂ ಇರುವರು. ಜೇನು ಹಾರಾಡುವುದು ಬಿಸಿಲಿನಲ್ಲಿಯೇ ಆದುದರಿಂದ ಮೋಡದ ದಿನ ಅಂಗಡಿ ತೆರೆದು ಫಲವಿಲ್ಲವೆಂಬುದೂ ಇದರಿಂದ ತಿಳಿಯುವುದು.

ಹೀಗೆ ಜೇನನ್ನು ನಂಬಿದ ಜಾತಿಗಳು ಒಂದು ಬಗೆ. ಯಾರನ್ನೂ ನಂಬದವು ಮತ್ತೊಂದು ಬಗೆ. ಇವುಗಳಲ್ಲಿ ಪರಾಗವು ಪುಡಿಯಾಗಿ ತನ್ನ ಹೂವಿನ ಶಲಾಕಾಗ್ರದ ಮೇಲೆಯೇ ಉದುರಿ, ಎಷ್ಟೋ ವೇಳೆ ಮೊಗ್ಗು ಬಿರಿಯುವ ಮೊದಲೇ ಕಾಯಿ ಕಟ್ಟುವುದು. 1875ರಿಂದ ಆಸ್ಟ್ರೇಲಿಯಾದ ಆರ್ಕಿಡ್‌ಗಳನ್ನು ಕುರಿತ ದೊಡ್ಡ ಚಿತ್ರಗ್ರಂಥವನ್ನು ಭಾಗಭಾಗವಾಗಿ ಪ್ರಕಟಿಸಿದ ಭೂಮಾಪಕ ಫಿಟ್ಸ್‌ಜೆರಾಲ್ಡನು ಈ ಸಂಗತಿಯನ್ನು ಗಮನಿಸಿದ್ದನು. ಇಂತಹ ಹೂಗಳು ತೆರೆಯುವುದು ಅತಿ ಬಿಸಿಯ ದಿನಗಳಲ್ಲಿ, ಅದೂ ಒಂದೆರಡು ಗಳಿಗೆ. ಕೆಲವು ವರ್ಷ ತೆರೆಯದೆಯೂ ಬಾಡಿಹೋಗುವುವು. ತೆರೆಯದ ಹೂವಿನ ಸ್ತಂಭವನ್ನು ನೋಡುವುದೆಂತು?

ಈ ತೊಡಕಿನ ಪರಿಣಾಮವು ಪಾಸಿಫ್ಲೋರಾ ಎಂಬ ಹೆಸರಿನ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುವುದು. ರಾಬರ್ಟ್ ಬ್ರೌನ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನು 1810ರಲ್ಲಿ ಕೆಲವೇ ಹೂಗಳುಳ್ಳ ತೆಳುವಾದ ಒಂದು ಗಿಡಕ್ಕೆ ಈ ಹೆಸರನ್ನು ಕೊಟ್ಟನು. ಆಮೇಲೆ ಸಣ್ಣ ನೀಲಿ ಹೂವಿನ, ಅಪರೂಪವಾಗಿ ತೆರೆಯುವ ಗಿಡ ಎಲ್ಲಿ ಕಂಡರೂ ಅದನ್ನು ಪಾಸಿಫ್ಲೋರಾ ಎಂದು ಬರೆದಿಡುವುದು ವಾಡಿಕೆಯಾಯಿತು. ಹೂವನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ದಳದ ಬಣ್ಣ ಮಾಸುವುದಲ್ಲದೆ ಕುಲಾವಿಯೂ ಕುಚ್ಚೂ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಹೋಗುವುವು. ಅಂತಹ ಹಾಳೆಗಳನ್ನು ನೋಡಿ ಮುಂದಿನವರು ಹಿಂದಿನವರ ಮಾತನ್ನೇ ಹೇಳಿದರು. 194 ವರ್ಷಗಳ ಮೇಲೆ, 2004ರಲ್ಲಿ, ಮೆಲ್ಬರ್ನ್ ನಗರದ ಜೆಫ್ರಿ ಜೀನ್ಸ್ ಎಂಬ ಪಂಡಿತರು ಈ ಗುಂಪನ್ನು ಸ್ತಂಭಗಳ ಮೂಲಕ ಪರಿಶೀಲಿಸಿ ಪ್ರಬಂಧವನ್ನು ಪ್ರಕಟಿಸಿದರು. ಒಂದೇ ಎಂದುಕೊಂಡಿದ್ದುದರಲ್ಲಿ ಹತ್ತಕ್ಕೂ ಮೀರಿ ಹೊಸ ಜಾತಿಗಳು ಹೊರಬಿದ್ದವು.

ಇದು ಪಂಡಿತರ ಹೆಸರಿನ ಜಗಳ, ನಮಗೇನು ಎಂದು ತಳ್ಳಿಬಿಡುವಂತಿಲ್ಲ. ಪಾಸಿಫ್ಲೋರಾ ಎಂಬುದು ಎಲ್ಲೆಲ್ಲಿಯೂ ಇರುವ ಗಿಡವೆಂದು ಲೆಕ್ಕದಲ್ಲಿರುವ ತನಕ ಅದರ ಒಂದು ಬಯಲನ್ನು ಉತ್ತು ಗೋಧಿ ಬಿತ್ತಿದರೆ ಯಾರಿಗೂ ಚಿಂತೆಯಿಲ್ಲ. ಆ ಗುಂಪಿನಿಂದ 2004ರಲ್ಲಿ ಹೊರಬಿದ್ದ ಸಯಾನಪಿಕಾಟಾ, ನಮ್ಮ ಮಾತಿನಲ್ಲಿ ನೀಲಾಗ್ರ, ದಕ್ಷಿಣ ಆಸ್ಟ್ರೇಲಿಯಾ ಸಂಸ್ಥಾನವೊಂದರಲ್ಲಿಯೇ ಇರುವ ಗಿಡವೆಂದೂ, ಅಲ್ಲಿಯೂ ಅಳಿವಿನ ಅಂಚಿನಲ್ಲಿರುವುದೆಂದೂ ತಿಳಿದದ್ದು ಹೆಸರು ಬಂದ ಮೇಲೆಯೇ. ಹೆಸರಿಲ್ಲದ್ದನ್ನು ಯಾವ ಶಾಸನವೂ ಕಾಪಾಡಲಾರದು. ಬೇರೆಯಾಗಿ ಗುರುತಿಸಲ್ಪಡುವ ಮೊದಲೇ ನೇಗಿಲಿಗೆ ಸಿಕ್ಕಿ ಹೋದವು ಎಷ್ಟೋ!

ಬೀಜವಿದ್ದರೆ ಮತ್ತೆ ಬೆಳೆಸಬಹುದಲ್ಲವೆ ಎಂದರೆ ಅದೂ ಸುಲಭವಲ್ಲ. ಆರ್ಕಿಡ್ ಬೀಜವು ಧೂಳಿನಷ್ಟು ಸೂಕ್ಷ್ಮ. ಮೊಳಕೆಗೆ ಬೇಕಾದ ಬುತ್ತಿಯು ಅದರಲ್ಲಿಲ್ಲ. ನಮ್ಮ ಬಿ. ಜಿ. ಎಲ್. ಸ್ವಾಮಿಯವರು 1940ರ ದಶಕದಲ್ಲಿ ಇಂತಹ ಬೀಜಗಳೊಳಗಿನ ಭ್ರೂಣದ ಬೆಳವಣಿಗೆಯನ್ನೇ ಶೋಧಿಸಿ ಹೆಸರಾದವರು. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಒಳಹೊಕ್ಕು ಉಣಿಸಿದರೆ ಮಾತ್ರ ಬೀಜ ಮೊಳೆಯುವುದು. ಸೂರ್ಯಸೀತಾಳೆಗಳಿಗೆ ಹೆಚ್ಚಾಗಿ ಟುಲಸ್ನೆಲ್ಲಾ ಕುಲದ ಶಿಲೀಂಧ್ರವೇ ದಾದಿ. ಮೆಲ್ಬರ್ನಿಗೆ ಸಮೀಪದ ಕ್ರಾನ್‌ಬರ್ನ್ ಸಸ್ಯೋದ್ಯಾನದಲ್ಲಿ ಅಳಿವಿನಂಚಿನ ಆರ್ಕಿಡ್‌ಗಳ ಬೀಜವನ್ನೂ ಅವುಗಳ ಶಿಲೀಂಧ್ರವನ್ನೂ ಜತೆಯಾಗಿ ಕಾಪಿಟ್ಟು, ಸಸಿ ಮಾಡಿ ಕಾಡಿಗೆ ನೆಡುತ್ತಿರುವರು. ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ ಅಲ್ಪಸ್ವಲ್ಪ ಉಳಿದಿರುವ ಎಪಿಪ್ಯಾಕ್ಟಾಯ್ಡಿಸ್ ಎಂಬ ಜಾತಿಯು ಹಸುರು, ಕಂಚು, ತಾಮ್ರ ಮೊದಲಾದ ಲೋಹದ ಹೊಳಪುಗಳುಳ್ಳದ್ದು. ಇದು ಜೇನನ್ನು ವಂಚಿಸಿ ಬದುಕುವ ಬಗೆಯದಾದುದರಿಂದ, ಸುತ್ತಲಿನ ಹೂಗಿಡಗಳು ಹೋಗಿ ಜೇನು ಕಡಮೆಯಾದೆಡೆ ಕಾಯಿ ಕಟ್ಟುವುದೂ ಕಡಮೆಯಾಗುವುದು. ಇಂತಹುದಕ್ಕೆ ಗಿಡವೊಂದನ್ನು ನೆಟ್ಟರೆ ಸಾಲದು, ಇಡಿಯ ಬಯಲೇ ಬೇಕು.

ನಮ್ಮ ವಾಚಕರಲ್ಲಿ ಕೆಲವರ ಮಕ್ಕಳು ಈಗ ಮೆಲ್ಬರ್ನ್, ಸಿಡ್ನಿ, ಪರ್ತ್ ನಗರಗಳಲ್ಲಿ ಸಂಸಾರ ಹೂಡಿರುವುದರಿಂದ ಇದೊಂದು ಮಾತನ್ನು ಸೇರಿಸುತ್ತೇವೆ. ಅಲ್ಲಿಗೆ ಹೋದಾಗ ನೋಡಬಯಸುವವರು ಸೆಪ್ಟೆಂಬರಿನಿಂದ ನವೆಂಬರಿನ ಒಳಗಾಗಿ, ಬೆಚ್ಚಗಿನ ಬಿಸಿಲುಳ್ಳ ದಿನವನ್ನು ಆರಿಸಿಕೊಂಡು, ಬೆಳಗಿನ ಹತ್ತು ಹನ್ನೊಂದು ಗಂಟೆಯ ಮೇಲೆ ಹೊರಡತಕ್ಕದ್ದು. ಕೈಯಲ್ಲಿ ಒಂದು ಭೂತಗನ್ನಡಿಯಿರಲಿ. ಹೂವನ್ನು ಕೀಳದೆ, ನೆಲಕ್ಕೆ ಮೊಣಕಾಲೂರಿ, ಸ್ತಂಭವನ್ನು ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಬೇಕು. ಕುಲಾವಿಯ ಬಾಗು ಕಾಣುವುದು ಪಕ್ಕದಿಂದಲೇ. ನೋಡುತ್ತಿರುವಾಗ ಮೋಡ ಕವಿದರೆ ಆ ದಿನಕ್ಕೆ ಹಿಂದಿರುಗಿ, ಮತ್ತೊಂದು ದಿನ ಹೋಗತಕ್ಕದ್ದು.